ಉಳಿದದ್ದು ನಾಳೆ

ಕೊನೆಯ ಪಾಠದವರೆಗೂ ಕಲಿಸುತ್ತೇನೆ, ನಡುವೆ ಕೈ ಬಿಡುವುದಿಲ್ಲ ಎಂದು ಅವಳು ಗಂಡನಿಗೆ ಮಾತು ಕೊಟ್ಟಿದ್ದಳು. ಕೊಟ್ಟದ್ದು ಆಸ್ಪತ್ರೆಯ ಮಂಚದ ಪಕ್ಕ, ಕಬ್ಬಿಣದ ಸ್ಟೂಲಿನ ಮೇಲೆ ಕೂತು. ಕೇಳಿಸಿಕೊಂಡವನಿಗೆ ಆಗ ಜ್ವರ ನೆತ್ತಿಗೇರಿತ್ತು. ಆದರೂ ತಮಾಷೆ ಬಿಟ್ಟಿರಲಿಲ್ಲ.

"ಎರಡು ವಾರದ ಕ್ಲಾಸು ತಪ್ಪಿಹೋಯ್ತಲ್ಲ ಮೇಡಂ," ಎಂದಿದ್ದ. "ನಿಮ್ಮ ಹತ್ರ ಹಿಂದೆ ಬಿದ್ದೋರ ಗತಿ ಏನಾಗುತ್ತೆ ಅಂತ ಗೊತ್ತು ನನಗೆ."

"ಸುಮ್ನೆ ಮಲ್ಕೊಳ್ಳಿ. ಎಲ್ಲಾ ನಾನು ಹೇಳ್ಕೊಡ್ತೀನಿ."

"ಕೊನೇವರೆಗೂ?"

"ಕೊನೇ ಪಾಠದವರೆಗೂ. ನಡುವೆ ಬಿಡಲ್ಲ. ಆಯ್ತಾ?"

"ಬರೆದುಕೊಡು ಅಂತ ಕೇಳಲ್ಲ ಬಿಡು. ನಿನ್ನ ಅಕ್ಷರ ಆ ಭಾಷೆಗಿಂತ ಕಷ್ಟ," ಎಂದು ಕಣ್ಣು ಮುಚ್ಚಿದ್ದ. ಮರುದಿನ ಬೆಳಗಾದರೂ ಆ ಕಣ್ಣು ತೆರೆಯಲಿಲ್ಲ.

ಅವನು ಶೀತಲ ಗೋದಾಮಿನಲ್ಲಿ ಪೆಟ್ಟಿಗೆಗಳನ್ನು ಎತ್ತಿ ಇಳಿಸುವ ಗಾಡಿ ಓಡಿಸುತ್ತಿದ್ದವನು. ಹೊರಗೆ ಬಿಸಿಲು ಸುಡುತ್ತಿದ್ದರೂ ಒಳಗೆ ಉಸಿರು ಹೊಗೆಯಾಗುವಂಥ ಚಳಿ. ಬೂದು ಬಣ್ಣದ ಸ್ವೆಟರು ವರ್ಷವಿಡೀ ಅವನ ಮೈಮೇಲೆ. ಅವಳು ಭಾಷಾ ಶಾಲೆಯೊಂದರ ಟೀಚರು. ದುಡಿದು ಬಂದ ದೊಡ್ಡವರಿಗೆ ಸಂಜೆ ಹೊತ್ತು ಪರದೇಶದ ಭಾಷೆಯೊಂದನ್ನು ಕಲಿಸುತ್ತಿದ್ದಳು. ಆ ಭಾಷೆಯಿಂದ ಅವನಿಗೆ ಆಗಬೇಕಾದದ್ದು ಏನೂ ಇರಲಿಲ್ಲ. ಆದರೂ ಒಂದು ದಿನ ಬಂದು ಅವಳ ಕ್ಲಾಸಿನ ಕೊನೆಯ ಕುರ್ಚಿಯಲ್ಲಿ, ಕಿಟಕಿಯ ಪಕ್ಕ ಕೂತುಬಿಟ್ಟ. ಯಾಕೆ ಎಂದರೆ, "ನೀನು ನಿದ್ದೇಲಿ ಆ ಭಾಷೇಲೇ ಮಾತಾಡ್ತೀಯ. ಪಕ್ಕದಲ್ಲಿ ಮಲಗಿರೋನಿಗೆ, ಬೈತಿರೋದು ತನ್ನನ್ನೋ ಬೇರೆಯವರನ್ನೋ ಅಂತಾದ್ರೂ ಗೊತ್ತಾಗ್ಬೇಡ್ವಾ?" ಎಂದ. ಹೆಸರು ಕೇಳುವುದು, ಮನೆ, ಕುಟುಂಬ, ಕೆಲಸ, ಹತ್ತರವರೆಗೆ ಎಣಿಕೆ, ಅಂಗಡಿಯ ಪಾಠ. ಅಲ್ಲಿಗೆ ಬಂದಿದ್ದ. ಅಲ್ಲಿಗೇ ನಿಂತ.

ಅವನು ಹೋದಾಗ ಮಗಳಿಗೆ ನಾಲ್ಕು ವರ್ಷ. ಕೆಲವು ವಾರ ಅವಳು ಶಾಲೆಯ ಕಡೆ ತಲೆ ಹಾಕಲಿಲ್ಲ. ಅರ್ಧಕ್ಕೆ ನಿಂತಿದ್ದ ತಂಡವನ್ನು ಗಡಿಯಾರ ಮೇಷ್ಟ್ರು ಕೆಳಗಿನ ತಮ್ಮ ಕೋಣೆಗೆ ಕರೆದುಕೊಂಡು ಹೋಗಿ ಮುಗಿಸಿಕೊಟ್ಟರು. ಮಾತಿಗೊಮ್ಮೆ ಕೈಗಡಿಯಾರ ನೋಡಿಕೊಳ್ಳುವ ಮನುಷ್ಯ. ಅವರನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಆದರೆ ದುಃಖ ಎಷ್ಟಿದ್ದರೂ ಹೊಟ್ಟೆ ಕೇಳಬೇಕಲ್ಲ. ಹೊಸ ತಂಡ ಸೇರುವ ಹೊತ್ತಿಗೆ ಮಗುವನ್ನು ಪಕ್ಕದ ಮನೆಯ ಆಂಟಿಯ ಕೈಗೆ ಕೊಟ್ಟು ಅವಳು ಮಹಡಿಯ ಮೇಲಿನ ತನ್ನ ಕೋಣೆಯ ಬಾಗಿಲು ತೆರೆದಳು.

ಮೊದಲ ವಾರಕ್ಕೆ ಅವಳದೊಂದು ಹಳೆಯ ಆಟವಿತ್ತು. ಸುತ್ತಾಟ ಎಂದು ಕರೆಯುತ್ತಿದ್ದಳು. ಕುರ್ಚಿಗಳನ್ನೆಲ್ಲ ಗೋಡೆಗೆ ತಳ್ಳುವುದು. ಎಲ್ಲರೂ ಕೋಣೆಯಲ್ಲಿ ಮನಸ್ಸು ಬಂದಂತೆ ಅಡ್ಡಾಡುವುದು. ಅವಳು ಚಪ್ಪಾಳೆ ತಟ್ಟಿದಾಗ ಯಾರ ಎದುರು ಇದ್ದರೆ ಅವರ ಮುಂದೆ ನಿಂತು ಆ ಭಾಷೆಯಲ್ಲಿ ಒಂದು ಪ್ರಶ್ನೆ ಕೇಳುವುದು. ಮತ್ತೆ ಚಪ್ಪಾಳೆ, ಮತ್ತೆ ನಡಿಗೆ. ಕೊನೆಗೆ ಒಬ್ಬೊಬ್ಬರೂ ತಾವು ತಿಳಿದುಕೊಂಡ ಒಂದು ಸಂಗತಿಯನ್ನು ಎಲ್ಲರಿಗೂ ಹೇಳಬೇಕು. ಬಾಯಿಗೆ ಬೀಗ ಹಾಕಿಕೊಂಡು ಬಂದವರೂ ಈ ಆಟದಲ್ಲಿ ಬಾಯಿ ಬಿಡುತ್ತಿದ್ದರು.

ಅಂದು ಹೊಲಿಗೆ ಕೆಲಸದ ಹೆಂಗಸೊಬ್ಬಳು ಎದ್ದು ನಿಂತು, ಕಲಿತ ನಾಲ್ಕು ಮಾತನ್ನು ಜೋಡಿಸಿ ಜೋಡಿಸಿ ಹೇಳಿದಳು: "ಇಲ್ಲಿ ಒಬ್ಬರು ಇದ್ದಾರೆ. ಅವರಿಗೆ ಒಬ್ಬಳು ಮಗಳು. ಮಗಳಿಗೆ ನಾಲ್ಕು ವರ್ಷ. ಅವರ ಕೈ ತಣ್ಣಗೆ ಇದೆ."

ಆ ತಂಡದಲ್ಲಿ ಅಷ್ಟು ಸಣ್ಣ ಮಗುವಿದ್ದವರು ಯಾರೂ ಇರಲಿಲ್ಲ. "ಯಾರು ಹೇಳಿದ್ದು?" ಎಂದು ಅವಳು ಕೇಳಿದಳು. ಹೊಲಿಗೆಯಾಕೆ ಕತ್ತು ತಿರುಗಿಸಿ ಹುಡುಕಿದಳು. "ಇಲ್ಲೇ ಕಿಟಕಿ ಹತ್ರ ಇದ್ರಲ್ಲ ಟೀಚರ್, ಸ್ವೆಟರ್ ಹಾಕ್ಕೊಂಡು..." ಎಂದು ಸುತ್ತ ನೋಡಿದಳು, ಯಾರ ಮೈಮೇಲೂ ಸ್ವೆಟರು ಕಾಣದೆ, "ಏನೋಪ್ಪ, ಗಲಾಟೇಲಿ ಗೊತ್ತಾಗ್ಲಿಲ್ಲ," ಎಂದು ಕೂತುಬಿಟ್ಟಳು. ಬಸ್ಸಿನಲ್ಲಿ ಪಕ್ಕದಲ್ಲೇ ಕೂತು ದಾರಿಯುದ್ದಕ್ಕೂ ಬಂದವನ ಮುಖ, ಇಳಿದ ಮೇಲೆ ನೆನಪಾಗುವುದಿಲ್ಲವಲ್ಲ, ಹಾಗೆ. ಆಗಲೇ ಮುಂದಿನವರು ಎದ್ದು ನಿಂತಿದ್ದರು.

ಟೀಚರು ಹಲಗೆಯ ಕಡೆ ತಿರುಗಿದಳು. ಅಲ್ಲಿ ಏನೂ ಬರೆದಿರಲಿಲ್ಲ. ಆದರೂ ಒರೆಸಿದಳು.

ಮರುದಿನ ಇಬ್ಬಿಬ್ಬರು ಎದುರುಬದುರು ಕೂತು ಮಾತಾಡುವ ಪಾಠ. ತಂಡದಲ್ಲಿದ್ದದ್ದು ಬೆಸ ಸಂಖ್ಯೆ. ಅಂಥ ದಿನ ಒಬ್ಬರು ಉಳಿಯುತ್ತಾರೆ, ಉಳಿದವರ ಎದುರು ಟೀಚರೇ ಕೂರಬೇಕು. ಇದು ಈ ವೃತ್ತಿಯಲ್ಲಿ ಎಲ್ಲರಿಗೂ ಗೊತ್ತಿರುವ ಕೆಲಸ. ಅವಳು ಕುರ್ಚಿ ಹಿಡಿದುಕೊಂಡು ಹೋದಳು. ಯಾರೂ ಉಳಿದಿರಲಿಲ್ಲ. ಕೋಣೆಯ ತುಂಬ ಜೋಡಿ ಮಾತಿನ ಗುಂಯ್‌ಗುಡುವಿಕೆ. ಎಣಿಸಲು ಹೋದರೆ ಯಾರೋ ಬಗ್ಗಿದರು, ಯಾರೋ ಪೆನ್ಸಿಲು ಎತ್ತಿಕೊಳ್ಳಲು ಎದ್ದರು, ಲೆಕ್ಕ ತಪ್ಪಿತು. ಮತ್ತೆ ಎಣಿಸಿದಳು. ಮತ್ತೆ ತಪ್ಪಿತು. ಕುರ್ಚಿಯನ್ನು ಅಲ್ಲೇ ಇಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಹಲಗೆಯ ಪಕ್ಕ ಹೋಗಿ ನಿಂತಳು. ಮೈ ಬೆವರಿತ್ತು. ಆದರೆ ಹೆದರಿಕೆ ಎಂದು ಹೇಳಲಾಗದು. ಮನೆಯಲ್ಲಿ ಯಾರೋ ದೀಪ ಹಚ್ಚಿಟ್ಟಿದ್ದಾರೆ ಎಂದು ರಸ್ತೆಯಿಂದಲೇ ಗೊತ್ತಾದಾಗ ಆಗುತ್ತದಲ್ಲ, ಅಂಥದ್ದು.

ಅವಳ ಕಣ್ಣಿಗೆ ಮಾತ್ರ ಅವನು ಒಮ್ಮೆಯೂ ಬೀಳಲಿಲ್ಲ. ತಾನೂ ಸುತ್ತಾಟಕ್ಕೆ ಇಳಿದು ನೋಡಿದಳು. ಅಂದು ಯಾರೂ ಅವನ ಸುದ್ದಿ ಹೇಳಲಿಲ್ಲ. ಜೋಡಿಯಲ್ಲಿ ತಾನು ಕೂತರೆ ಎದುರಿಗೆ ಇರುತ್ತಿದ್ದದ್ದು ಮನುಷ್ಯರೇ. ಹಲಗೆಯ ಪಕ್ಕ ದೂರ ನಿಂತರೆ ಮಾತ್ರ ಅವನು ಬರುತ್ತಿದ್ದ, ಅದೂ ಬೇರೆಯವರ ಬಾಯಲ್ಲಿ, ತೊದಲು ಭಾಷೆಯಲ್ಲಿ. ಹಾಗಾದರೆ ಹಾಗೇ ಆಗಲಿ ಎಂದುಕೊಂಡಳು. ನೇರವಾಗಿ ಸಿಗದ ಮನುಷ್ಯನಿಗೆ ಪರಿಚಯದವರ ಕೈಲಿ ಸುದ್ದಿ ಕಳಿಸುವುದಿಲ್ಲವೇ? ಅವಳು ಆಟಗಳನ್ನು ಕಟ್ಟತೊಡಗಿದಳು.

ಜೇಬಿನಲ್ಲಿ ಏನಿದೆ ಎಂದು ಪ್ರಶ್ನೆ ಕೇಳಿ ಊಹಿಸುವ ಆಟ. "ಒಬ್ಬರ ಜೇಬಿನಲ್ಲಿ ಮಗುವಿನ ಕೂದಲ ಕ್ಲಿಪ್ಪು ಇದೆ," ಎಂದು ಒಬ್ಬ ಬಂದು ಹೇಳಿದ. ಬೆನ್ನಿಗೆ ಬೆನ್ನು ಕೊಟ್ಟು ಕೂತು ತಮ್ಮ ಮನೆಯ ಕೋಣೆಗಳನ್ನು ವರ್ಣಿಸುವ ಆಟ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತದೆ, ನಾನು ಅದನ್ನು ಸರಿಮಾಡಬೇಕು ಎಂದು ಯಾರೋ ಹೇಳಿದರಂತೆ. ಆ ನಲ್ಲಿಯನ್ನು ಅವಳು ಯಾವತ್ತೋ ಬದಲಿಸಿದ್ದಳು. ಎರಡು ನಿಜ ಒಂದು ಸುಳ್ಳು ಹೇಳಿ ಸುಳ್ಳನ್ನು ಹುಡುಕಿಸುವ ಆಟವಂತೂ ಎಲ್ಲರಿಗೂ ಇಷ್ಟ. ಒಮ್ಮೆ ಹೋಟೆಲಿನ ಅಡುಗೆಯವನೊಬ್ಬ ಎದ್ದು, ತನ್ನ ಜೋಡಿ ಹೇಳಿದ್ದನ್ನು ಒಪ್ಪಿಸಿದ: "ನನ್ನ ಹೆಂಡತಿ ಟೀಚರ್. ಅವಳು ನಿದ್ದೆಯಲ್ಲಿ ಮಾತನಾಡುತ್ತಾಳೆ. ಅವಳಿಗೆ ಕೋಪವೇ ಬರುವುದಿಲ್ಲ." ಸುಳ್ಳು ಯಾವುದು ಎಂದು ಕೇಳುವ ಮೊದಲೇ ಇಡೀ ಕ್ಲಾಸು, "ಮೂರನೆಯದು!" ಎಂದು ಕೂಗಿ ನಕ್ಕಿತು. ಅವಳೂ ನಕ್ಕಳು. ನಗುತ್ತ ನಗುತ್ತ ಹೊರಗಿನ ಮೆಟ್ಟಿಲವರೆಗೆ ಹೋಗಿ, ಕಂಬಿ ಹಿಡಿದು ಸ್ವಲ್ಪ ಹೊತ್ತು ನಿಂತು ಬಂದಳು.

ವರ್ಷಗಳು ಉರುಳಿದವು. ತಂಡಗಳು ಬಂದವು, ಹೋದವು. ಅವಳ ಆಟಗಳ ಹೆಸರು ನಾಲ್ಕು ಕಡೆ ಹಬ್ಬಿತು. ಬೇರೆ ಶಾಲೆಯ ಟೀಚರುಗಳು ಹಿಂದಿನ ಸಾಲಿನಲ್ಲಿ ಕೂತು ನೋಡಿಕೊಂಡು ಹೋಗುತ್ತಿದ್ದರು. "ಇಷ್ಟೊಂದು ಎಲ್ಲಿಂದ ಹೊಳೆಯುತ್ತೆ ನಿಮಗೆ?" ಎಂದು ಕೇಳಿದರೆ, "ಮಗು ಇರೋ ಮನೇಲಿ ಆಟಕ್ಕೆ ಬರವೇ?" ಎಂದು ಜಾರಿಕೊಳ್ಳುತ್ತಿದ್ದಳು. ತಂಡ ಸಮಸಂಖ್ಯೆಯಾಗುವ ಹಾಗಿದ್ದರೆ ಕೊನೆಯಲ್ಲಿ ಬಂದವರನ್ನು ಮುಂದಿನ ತಂಡಕ್ಕೆ ಬನ್ನಿ ಎಂದು ಕಳಿಸಿಬಿಡುತ್ತಿದ್ದಳು. ಮ್ಯಾನೇಜರು ಹಣೆ ಚಚ್ಚಿಕೊಳ್ಳುತ್ತಿದ್ದರು. "ಬಂದೋರ್ನ ಬೇಡ ಅಂತಾರಾ ಯಾರಾದ್ರೂ? ಇದೇನಮ್ಮಾ ನಿಮ್ಮ ಹಟ?"

ಇನ್ನೊಂದು ಹಟವೂ ಇತ್ತು. ಅಂಗಡಿಯ ಪಾಠ ಮುಗಿದದ್ದೇ ತಡ, ಅವಳು ತಂಡವನ್ನು ಗಡಿಯಾರ ಮೇಷ್ಟ್ರಿಗೆ ಒಪ್ಪಿಸಿಬಿಡುತ್ತಿದ್ದಳು. ಮುಂದಿನ ಪಾಠಗಳು, ಕೊನೆಯ ಬೀಳ್ಕೊಡುಗೆಯ ಪಾಠ, ಎಲ್ಲ ಕೆಳಗಿನ ಕೋಣೆಯಲ್ಲಿ. ನಿಮ್ಮ ವ್ಯಾಕರಣ ಗಟ್ಟಿ, ನನ್ನದು ಬರೀ ಆಟ ಎಂದು ಅವರನ್ನು ಉಬ್ಬಿಸುತ್ತಿದ್ದಳು. ನಿಜ ಬೇರೆ ಇತ್ತು. ಅವನು ನಿಂತಿದ್ದದ್ದು ಅಂಗಡಿಯ ಪಾಠದಲ್ಲಿ. ಈ ಕೋಣೆಯಲ್ಲಿ ಪಾಠ ಮುಂದೆ ಹೋದರೆ ಅವನೂ ಮುಂದೆ ಹೋಗುತ್ತಾನೆ. ಕೊನೆಯ ಪಾಠ ಮುಗಿದರೆ ಅವನಿಗೆ ಇಲ್ಲಿ ಕೆಲಸವಿಲ್ಲ. ಕೊಟ್ಟ ಮಾತು ಅವಳಿಗೆ ಮರೆತಿರಲಿಲ್ಲ, ನೆನಪಿದ್ದದ್ದರಿಂದಲೇ ತಪ್ಪಿಸಿಕೊಳ್ಳುತ್ತಿದ್ದಳು. ಪ್ರತಿ ಸಂಜೆ ಕ್ಲಾಸು ಬಿಡುವಾಗ ಆ ಭಾಷೆಯಲ್ಲಿ ಅವಳು ಹೇಳುತ್ತಿದ್ದ ಕೊನೆಯ ಮಾತು ಒಂದೇ: "ಉಳಿದದ್ದು ನಾಳೆ."

ಹೀಗೇ ಇನ್ನೂ ನಡೆಯುತ್ತಿತ್ತೇನೋ. ಆದರೆ ಗಡಿಯಾರ ಮೇಷ್ಟ್ರ ಮೊಣಕಾಲು ಸಹಕರಿಸಲಿಲ್ಲ. ಕೆಲಸ ಬಿಡುತ್ತೇನೆ ಎಂದು ಒಂದು ಸಂಜೆ ತಮ್ಮ ಕೋಣೆಯ ಬೀಗದಕೈ ತಂದು ಅವಳ ಮೇಜಿನ ಮೇಲಿಟ್ಟರು.

"ಇನ್ಮೇಲೆ ಮೊದಲಿಂದ ಕೊನೇವರೆಗೂ ನಿಮ್ಮದೇ ರಾಜ್ಯಭಾರ. ಕೆಳಗಿನ ರೂಮನ್ನ ಮ್ಯಾನೇಜರು ಆಫೀಸು ಮಾಡ್ಕೊಳ್ತಾರಂತೆ."

"ಬೇರೆ ಯಾರನ್ನಾದ್ರೂ ಕರೀತಾರೆ ಬಿಡಿ ಸಾರ್."

"ಯಾರನ್ನೂ ಕರೆಯಲ್ಲ. ನಿಮ್ಮಂಥೋರು ಇರುವಾಗ ಯಾಕೆ ಅಂತಾರೆ." ಅವರು ಗಡಿಯಾರ ನೋಡಿಕೊಂಡರು. ಹೊರಡಲು ಎದ್ದವರು ನಿಂತರು. "ಒಂದು ಮಾತು ಕೇಳ್ಬೇಕು ಅಂತ ಬಹಳ ದಿನದಿಂದ ಇತ್ತು. ನಿಮ್ಮ ತಂಡ ನನ್ನ ಹತ್ರ ಬಂದ ಮೊದಲ ದಿನ ಯಾವಾಗಲೂ ಒಬ್ಬರು ಪೆಚ್ಚಾಗಿ ನಿಂತುಬಿಡ್ತಾರೆ. ಜೋಡಿ ಇಲ್ಲ. ಮೇಲೆ ಎಲ್ಲರಿಗೂ ಜೋಡಿ ಇತ್ತು ಸಾರ್ ಅಂತಾರೆ. ಏನು ಮಾಡ್ತಿದ್ರಿ ನೀವು?"

ಅವಳು ಬೀಗದಕೈಯನ್ನು ತಿರುಗಿಸುತ್ತ ಕೂತಳು. "ಏನೋ ಹೇಗೋ ಹೊಂದಿಸ್ತಿದ್ದೆ ಸಾರ್."

"ಹೊಂದಿಸೋದೇನೋ ಸರಿ," ಎಂದರು ಮೇಷ್ಟ್ರು. ಅವಳ ಮುಖ ನೋಡಿ, ಮತ್ತೆ ಗಡಿಯಾರ ನೋಡಿದರು. "ಆದ್ರೆ ಯಾವ ಪಾಠಾನೂ ಅರ್ಧಕ್ಕೆ ಇಟ್ಕೋಬಾರದಮ್ಮ. ಇಟ್ಕೊಂಡೋರಿಗೂ ಭಾರ, ಕೂತೋರಿಗೂ ಭಾರ. ಬರ್ತೀನಿ."

ಈಗಿನ ತಂಡ ಅಂಗಡಿಯ ಪಾಠಕ್ಕೆ ಬಂದು ನಿಂತಿತು. ನಿಂತೇ ಇತ್ತು. ಅವಳು ಅಂಗಡಿಯನ್ನು ಹರಡಿದಳು. ಚೌಕಾಸಿ ಮಾಡುವ ಆಟ, ಕಳೆದುಹೋದ ಸಾಮಾನು ಹುಡುಕುವ ಆಟ, ಕಣ್ಣು ಕಟ್ಟಿಕೊಂಡು ಮುಟ್ಟಿ ಹೆಸರು ಹೇಳುವ ಆಟ. ಮೊದಲು ನಗುತ್ತಿದ್ದವರು ಒಬ್ಬರ ಮುಖ ಒಬ್ಬರು ನೋಡತೊಡಗಿದರು. ಹೊರದೇಶದ ಆಸ್ಪತ್ರೆಯಲ್ಲಿ ಕೆಲಸ ಗಟ್ಟಿಯಾಗಿದ್ದ ನರ್ಸೊಬ್ಬಳು ಆ ತಂಡದಲ್ಲಿದ್ದಳು. ಪರೀಕ್ಷೆ ಪಾಸಾಗದಿದ್ದರೆ ಅದು ಕೈತಪ್ಪುತ್ತದೆ. ಅವಳೇ ಒಂದು ದಿನ ಕ್ಲಾಸು ಬಿಟ್ಟ ಮೇಲೆ ಹಿಂದೆ ಉಳಿದಳು.

"ಟೀಚರ್, ಬೇಜಾರು ಮಾಡ್ಕೋಬೇಡಿ. ತರಕಾರಿ ಹೆಸರು ನನ್ನ ಕನಸಲ್ಲೂ ಬರ್ತಿದೆ. ಅಲ್ಲಿ ಹೋಗಿ ನಾನು ರೋಗಿಗಳಿಗೆ ಬದನೆಕಾಯಿ ಮಾರಲಾ?"

"ಬುನಾದಿ ಗಟ್ಟಿ ಇರ್ಲಿ ಅಂತ."

"ಬುನಾದಿ ಹಾಕ್ತಾ ಹಾಕ್ತಾ ಮನೇನೇ ಕಟ್ಟದೇ ಇದ್ರೆ ಹೇಗೆ ಟೀಚರ್? ಡಾಕ್ಟರ ಪಾಠ ಯಾವಾಗ?"

"ನಾಳೆ ನೋಡೋಣ," ಎಂದಳು. ನರ್ಸು ಚೀಲ ಹೆಗಲಿಗೇರಿಸಿ ಇಳಿದುಹೋದಳು. ಮೆಟ್ಟಿಲಿನ ಮೇಲಿನ ಆ ಸಪ್ಪಳ ಅವಳಿಗೆ ಕೆನ್ನೆಗೆ ಹೊಡೆದಂತೆ ಕೇಳಿಸಿತು.

ಆ ವಾರವೇ ಪಕ್ಕದ ಮನೆಯ ಆಂಟಿ ತಂಗಿಯನ್ನು ನೋಡಲು ಹೋದರು. ಮಗಳನ್ನು ಮನೆಯಲ್ಲಿ ಒಬ್ಬಳೇ ಬಿಡಲು ಮನಸ್ಸಾಗದೆ ಅವಳು ಕ್ಲಾಸಿಗೇ ಕರೆತಂದಳು. ಪುಟ್ಟಿಗೆ ಈಗ ಹತ್ತು ತುಂಬಿತ್ತು. ಹುಟ್ಟಿದಾಗಿನಿಂದ ಕಿವಿಗೆ ಬೀಳುತ್ತಿದ್ದದ್ದರಿಂದ ಆ ಭಾಷೆಯ ನಾಲ್ಕು ಮಾತು ಅವಳಿಗೂ ಬರುತ್ತಿದ್ದವು. "ಮೂಲೇಲಿ ಕೂತು ಹೋಮ್‌ವರ್ಕ್ ಮಾಡು. ಬಾಯಿ ಬಿಟ್ರೆ ನೋಡು," ಎಂದು ಎಚ್ಚರಿಸಿ ಕೂರಿಸಿದಳು. ಆದರೆ ಮೊದಲ ವಾರದ ಸುತ್ತಾಟವೇ ಅಂದು ಮತ್ತೆ ಶುರುವಾದಾಗ ತಂಡದವರು ಬಿಡಬೇಕಲ್ಲ. ತಂಡದಲ್ಲಿದ್ದ ಲಾರಿ ಡ್ರೈವರು, "ಬಾರಮ್ಮ ಚಿಕ್ಕ ಟೀಚರೇ, ನೀನೂ ಒಂದು ಕೈ ನೋಡು," ಎಂದು ಕೈ ಹಿಡಿದು ಎಬ್ಬಿಸಿದ. ಬೇಡ ಎನ್ನುವಷ್ಟರಲ್ಲಿ ಪುಟ್ಟಿ ಗುಂಪಿನಲ್ಲಿ ಕರಗಿದ್ದಳು.

ಟೀಚರು ಚಪ್ಪಾಳೆ ತಟ್ಟಿದಳು. ಗುಂಪು ನಿಂತಿತು. ಮತ್ತೆ ತಟ್ಟಿದಳು. ದೊಡ್ಡವರ ಭುಜಗಳ ನಡುವೆ ಮಗಳ ನೆತ್ತಿ ಮಾತ್ರ ಕಾಣುತ್ತಿತ್ತು. ಅದು ಕಿಟಕಿಯ ಹತ್ತಿರ ಹೋಗಿ ನಿಂತಿತು. ಈ ಬಾರಿ ಚಪ್ಪಾಳೆಗೆ ಎತ್ತಿದ ಅವಳ ಕೈಗಳು ಎಷ್ಟೋ ಹೊತ್ತು ಕೂಡಲೇ ಇಲ್ಲ.

ಮನೆಗೆ ನಡೆದು ಬರುವಾಗ ಪುಟ್ಟಿ ತಾನಾಗಿಯೇ ಬಾಯಿ ಬಿಟ್ಟಳು.

"ಅಮ್ಮಾ, ಆ ಸ್ವೆಟರ್ ಅಂಕಲ್‌ಗೆ ನೀನು ಯಾಕೆ ಉತ್ತರ ಕೊಡಲ್ಲ?"

ಅವಳು ಹೆಜ್ಜೆ ನಿಧಾನ ಮಾಡಲಿಲ್ಲ. ಮಾಡಿದರೆ ಕಾಲು ನಿಂತೇ ಬಿಡುತ್ತದೆ ಎನಿಸಿತು. "ಯಾವ ಉತ್ತರ? ನೀನು ಏನು ಕೇಳಿದೆ ಅವರನ್ನ?"

"ನಾನೇನೂ ಕೇಳ್ಲಿಲ್ಲ. ನನಗೆ ಪ್ರಶ್ನೆ ನೆನಪಾಗ್ಲಿಲ್ಲ, ಸುಮ್ನೆ ನಿಂತಿದ್ದೆ. ಅವರೇ ಕೇಳಿದ್ರು." ಪುಟ್ಟಿ ಆ ಭಾಷೆಗೆ ತಿರುಗಿ, ಕೇಳಿದ್ದನ್ನು ಹಾಗೆಯೇ ಒಪ್ಪಿಸಿದಳು: "ಪಾಠ ಮುಗಿಯಿತೇ? ನಾನು ಹೋಗಬಹುದೇ?"

ಮೊದಲ ದಿನವೇ ಎಲ್ಲರಿಗೂ ಕಲಿಸುವ ಮಾತು ಅದು. ಟೀಚರು ಹೋಗಬಹುದು ಎನ್ನುವವರೆಗೆ ಯಾರೂ ಕುರ್ಚಿ ಬಿಡಬಾರದು ಎಂಬುದು ಅವಳದೇ ನಿಯಮ.

"ನೀನೇನಂದೆ?"

"ನನಗೊತ್ತಿಲ್ಲ, ಟೀಚರ್‌ನ ಕೇಳಿ ಅಂದೆ. ಅದಕ್ಕವರು, ಟೀಚರ್ ಆಟದಲ್ಲಿ ಇಲ್ಲ ಅಂದ್ರು." ಪುಟ್ಟಿ ದಾರಿಯ ಕಲ್ಲೊಂದನ್ನು ಒದ್ದಳು. "ನನ್ನ ಮಗಳಿಗೆ ನಾಲ್ಕು ವರ್ಷ, ಮನೇಲಿ ಕಾಯ್ತಾಳೆ ಅಂದ್ರು. ಎಲ್ಲರ ಹತ್ರಾನೂ ಕೇಳ್ತಾರಂತೆ ಅಮ್ಮ, ಹೋಗಬಹುದಾ ಅಂತ. ಯಾರೂ ಹೇಳಲ್ವಂತೆ. ಎಲ್ಲರೂ ತಮ್ಮ ತಮ್ಮ ಪ್ರಶ್ನೆ ಕೇಳಿ ಹೊರಟುಹೋಗ್ತಾರಂತೆ. ಪಾಪ, ಅವರಿಗೆ ತುಂಬಾ ಚಳಿ. ನಿದ್ದೆ ಬೇರೆ."

"ಮುಖ ಹೇಗಿತ್ತು?" ಎಂದು ಕೇಳಿದಳು.

ಪುಟ್ಟಿ ಯೋಚಿಸಿದಳು. "ನೆನಪಾಗ್ತಿಲ್ಲಮ್ಮ. ಈಗಷ್ಟೇ ನೋಡಿದ್ದೆ."

ಅವಳು ಮಗಳ ಕೈ ಹಿಡಿದುಕೊಂಡಳು. ತಾನು ಕಟ್ಟಿದ ಅಷ್ಟೂ ಆಟಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಎಲ್ಲದರಲ್ಲೂ ಕೇಳುವವರು ತಂಡದವರು, ಹೇಳಬೇಕಾದವನು ಅವನು. ನೀವು ಏನು ಕೇಳಿದಿರಿ, ಅವರು ಏನು ಹೇಳಿದರು ಎಂದು ಪ್ರತಿಸಲ ಹಲಗೆಯ ಪಕ್ಕ ನಿಂತು ವಿಚಾರಿಸಿದ್ದಳು. ಅವರು ನಿಮ್ಮನ್ನು ಏನು ಕೇಳಿದರು ಎಂದು ಒಮ್ಮೆಯೂ ವಿಚಾರಿಸಿರಲಿಲ್ಲ. ಹೊಸದಾಗಿ ಟೀಚರಾದವರಿಗೆ ಅವಳೇ ಹೇಳಿಕೊಡುತ್ತಿದ್ದ ಮೊದಲ ಬುದ್ಧಿಮಾತು ಅದು: ಕಲಿಯುವವನಿಗೆ ಕೇಳಲು ಬಿಡಿ. ಹೇಳೋದು ವೇದ, ತಿನ್ನೋದು ಬದನೆಕಾಯಿ ಎಂದು ಯಾರಾದರೂ ಆಡಿಕೊಂಡರೆ ತಪ್ಪೇನು?

ಅವನು ತನ್ನನ್ನು ನೋಡಲು ಬರುತ್ತಿದ್ದಾನೆ ಎಂದು ಅವಳು ತಿಳಿದಿದ್ದಳು. ಅವನು ಬರುತ್ತಿರಲಿಲ್ಲ. ಹೊರಗೆ ಹೋಗಲಾರದೆ ಕೂತಿದ್ದ. ಉಳಿದದ್ದು ನಾಳೆ ಎಂದು ಟೀಚರು ಹೇಳಿದ್ದಾರೆ, ಅದಕ್ಕೆ ಕೂತಿದ್ದ. ಎದುರು ಬಂದು ನಿಂತ ಮಗಳ ಗುರುತೂ ಸಿಕ್ಕದಷ್ಟು ಕಾಲ.

ಎರಡು ದಿನ ಅವಳು ಕ್ಲಾಸಿಗೆ ರಜೆ ಹಾಕಿದಳು. ತಲೆನೋವು ಎಂದಳು. ಮನೆಯಲ್ಲಿ ಮಾಡಿದ್ದೇನೂ ಇಲ್ಲ. ಮಗಳ ಸಮವಸ್ತ್ರಕ್ಕೆ ಇಸ್ತ್ರಿ ಹಾಕಿದಳು, ಹಾಕಿದ್ದಕ್ಕೇ ಮತ್ತೆ ಹಾಕಿದಳು. ಅವನ ಮಾತಿಲ್ಲದ ಕ್ಲಾಸು ಹೇಗಿರುತ್ತದೆ ಎಂದು ಊಹಿಸಲು ನೋಡಿದಳು. ಹಲಗೆ, ಕುರ್ಚಿ, ಕಿಟಕಿ. ಅಷ್ಟೇ. ಆಮೇಲೆ ಅವನ ಚಳಿಯನ್ನು ಊಹಿಸಿದಳು. ಒಂದನ್ನು ತಡೆದುಕೊಳ್ಳಬಹುದಿತ್ತು. ಇನ್ನೊಂದನ್ನು ಆಗಲಿಲ್ಲ.

ಮೂರನೆಯ ಸಂಜೆ ಅವಳು ಬಂದು ಹಲಗೆಯ ಮೇಲೆ ಡಾಕ್ಟರ ಪಾಠದ ಶೀರ್ಷಿಕೆ ಬರೆದಾಗ ನರ್ಸು ಎರಡೂ ಕೈಯೆತ್ತಿ ಮುಗಿದಳು. "ಬದುಕಿದೆ."

"ಬದುಕಿದೆ ಅನ್ನೋದನ್ನ ಆ ಭಾಷೇಲಿ ಹೇಳು," ಎಂದಳು ಟೀಚರು. ಕ್ಲಾಸು ನಕ್ಕಿತು.

ಅಕ್ಷರಗಳನ್ನು ದೊಡ್ಡದಾಗಿ, ಹಿಂದಿನ ಕುರ್ಚಿಗೂ ಕಾಣುವಂತೆ ಬರೆದಳು. ಪ್ರತಿಯೊಂದು ಮಾತನ್ನೂ ನಿಧಾನಕ್ಕೆ, ಮತ್ತೆ ಮತ್ತೆ ಹೇಳಿಸಿದಳು. ದಣಿದು ಬಂದು ತೂಕಡಿಸುತ್ತಿರುವ ಒಬ್ಬನಿಗೆ ಹೇಳಿಕೊಡುವ ಹಾಗೆ. ಅರ್ಧ ಜನ ಡಾಕ್ಟರು, ಅರ್ಧ ಜನ ರೋಗಿಗಳಾಗುವ ಆಟವಾಡಿಸಿದಳು. ಲಾರಿ ಡ್ರೈವರು ಡಾಕ್ಟರಾಗಿದ್ದ. ಕತ್ತಿಗೆ ಹೆಡ್‌ಫೋನಿನ ತಂತಿ ನೇತುಹಾಕಿಕೊಂಡು ಗಂಭೀರವಾಗಿ ವರದಿ ಕೊಟ್ಟ: "ನನ್ನ ರೋಗಿಗೆ ಜ್ವರ ಇಲ್ಲ. ಅವರಿಗೆ ಎಲ್ಲಿಯೂ ನೋವಿಲ್ಲ. ಚಳಿ ಮಾತ್ರ ಇದೆ."

"ಎಲ್ಲಿಯೂ ನೋವಿಲ್ಲ ಅಂದ್ರಾ?"

"ಇಲ್ಲ ಅಂದ್ರು ಟೀಚರ್. ಎರಡು ಸಲ ಕೇಳ್ದೆ. ನನ್ನ ಫೀಸು ಮಾತ್ರ ಕೊಡ್ಲಿಲ್ಲ."

ಎಷ್ಟೋ ವರ್ಷದಿಂದ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಸ್ವಲ್ಪ ಸರಿದಂತಾಯಿತು. ಆಸ್ಪತ್ರೆಯಲ್ಲಿ ಅವಳು ಕೇಳದೇ ಉಳಿದಿದ್ದ ಪ್ರಶ್ನೆ ಅದೊಂದೇ.

ಮುಂದೆ ದಾರಿ ಕೇಳುವ ಪಾಠವಾಯಿತು, ಹವಾಮಾನದ್ದಾಯಿತು, ಸಹಾಯ ಬೇಡುವುದು, ಕ್ಷಮೆ ಕೇಳುವುದು ಆಯಿತು. ಯಾವುದನ್ನೂ ಎಳೆಯಲಿಲ್ಲ, ಯಾವುದನ್ನೂ ಹಾರಿಸಲಿಲ್ಲ. ಜೋಡಿಗಳಲ್ಲಿ ಯಾರೂ ಉಳಿಯಲಿಲ್ಲ. ಅವನು ಎಲ್ಲ ಪಾಠಕ್ಕೂ ಇದ್ದ.

ಕೊನೆಯ ಪಾಠದ ಆಟ ರೈಲ್ವೆ ನಿಲ್ದಾಣದ್ದು. ಆರು ಜನ ಹೊರಡುವವರು, ಆರು ಜನ ಕಳಿಸಿಕೊಡಲು ಬಂದವರು. ಇಬ್ಬಿಬ್ಬರು ಎದುರು ನಿಂತು ವಿದಾಯ ಹೇಳಬೇಕು. ಸೀಟಿ ಊದಿದಾಗ ಹೊರಡುವವರು ನಿಜವಾಗಿಯೂ ಬಾಗಿಲು ದಾಟಿ ಹೋಗಬೇಕು. ಅವಳು ಹಲಗೆಯ ಮೇಲೆ ಬರೆದಿದ್ದ ವಿದಾಯದ ಮಾತನ್ನು ನೋಡಿ ನರ್ಸು ಕೇಳಿದಳು:

"ಟೀಚರ್, ಹೋಗಿ ಬರ್ತೀನಿ ಅನ್ನೋದಕ್ಕೆ?"

"ಈ ಭಾಷೇಲಿ ಅದಿಲ್ಲ. ಹೋಗ್ತೀನಿ ಅಂತಷ್ಟೇ."

"ಅಯ್ಯೋ. ಬರ್ತೀನಿ ಅನ್ನದೇ ಹೋಗೋದಾ? ನಮ್ಮಮ್ಮ ಕೇಳಿದ್ರೆ ಬೆನ್ನಿಗೆ ಎರಡು ಹಾಕ್ತಾರೆ."

"ಹೋಗೋರು ನಿರಾಳವಾಗಿ ಹೋಗ್ಲಿ ಅಂತ ಇರ್ಬೇಕು," ಎಂದಳು ಟೀಚರು.

ಹದಿಮೂರನೆಯವನಾದ ಲಾರಿ ಡ್ರೈವರಿಗೆ ಸೀಟಿ ಕೊಟ್ಟು, ನಿಮ್ಮದು ಗಾರ್ಡಿನ ಕೆಲಸ ಎಂದು ಬಾಗಿಲಲ್ಲಿ ನಿಲ್ಲಿಸಿದಳು. ಹನ್ನೆರಡು ಜನ ತಮ್ಮ ತಮ್ಮಲ್ಲೇ ಜೋಡಿಯಾದರು. ಅವಳು ಹಲಗೆಯ ಪಕ್ಕದ ತನ್ನ ಜಾಗ ಬಿಟ್ಟು, ಕೋಣೆ ದಾಟಿ, ಕಿಟಕಿಯ ಹತ್ತಿರದ ಖಾಲಿ ಕುರ್ಚಿಯ ಎದುರು ಬಂದು ನಿಂತಳು. ಟೀಚರು ಮಾದರಿ ತೋರಿಸುತ್ತಿದ್ದಾರೆ ಎಂದುಕೊಂಡು ಎಲ್ಲರೂ ಇತ್ತ ತಿರುಗಿದರು. ಕಾಣುತ್ತಾನೆ ಎಂಬ ಆಸೆ ಅವಳಿಗಿರಲಿಲ್ಲ. ಕಾಣಲೂ ಇಲ್ಲ. ಕುರ್ಚಿಯ ಬೆನ್ನಿನ ಮೇಲೆ ಸಂಜೆಯ ಬಿಸಿಲು ಬಿದ್ದಿತ್ತು. ಮುಟ್ಟಿದರೆ ಅಷ್ಟು ಬಿಸಿಲಿನಲ್ಲೂ ಅದು ತಣ್ಣಗಿತ್ತು.

ಅವನಿಗೆ ಬರುವ ಮಾತುಗಳನ್ನೇ ಆರಿಸಿ, ಪಾಠದ ಪುಸ್ತಕದ ಹಾಗೆ ಬಿಡಿಸಿ ಬಿಡಿಸಿ ಹೇಳಿದಳು:

"ನೀವು ಒಳ್ಳೆಯ ವಿದ್ಯಾರ್ಥಿ. ನಾನು ನಿಮ್ಮನ್ನು ಬಹಳ ಕಾಯಿಸಿದೆ. ಕ್ಷಮಿಸಿ. ನಿಮ್ಮ ಮಗಳು ಚೆನ್ನಾಗಿದ್ದಾಳೆ. ಅವಳಿಗೆ ಈಗ ಹತ್ತು ವರ್ಷ. ಮನೆಯಲ್ಲಿ ನಲ್ಲಿ ಸರಿಯಾಗಿದೆ."

ಹಿಂದೆ ಯಾರೋ ಕಿಸಕ್ಕೆಂದರು. ನರ್ಸು ಶ್ ಎಂದಳು.

"ಪಾಠ ಮುಗಿಯಿತು. ನೀವು ಹೋಗಬಹುದು."

ಡ್ರೈವರು ಸೀಟಿ ಊದಿದ. ಹೊರಡುವವರು ನಗುತ್ತ, ಕೈಬೀಸುತ್ತ, ಒಬ್ಬರನ್ನೊಬ್ಬರು ತಳ್ಳುತ್ತ ಬಾಗಿಲಿನತ್ತ ನುಗ್ಗಿದರು. ಆ ಗದ್ದಲದಲ್ಲಿ ಅವಳ ಪಕ್ಕದಿಂದ ಯಾರೋ ಸರಿದು ಹೋದಂತೆ ಗಾಳಿ ಅಲುಗಿತು, ಅಥವಾ ಅದು ಕಿಟಕಿಯ ಗಾಳಿಯೇ ಇರಬಹುದು. ಅವಳು ಕುರ್ಚಿಯ ಬೆನ್ನು ಹಿಡಿದುಕೊಂಡೇ ನಿಂತಿದ್ದಳು, ಅಂಗೈಗೆ ಬಿಸಿಲಿನ ಬಿಸಿ ತಾಗುವವರೆಗೆ.

ಪರೀಕ್ಷೆಗೆ ಮೊದಲು ಪುನರಾವರ್ತನೆಯ ಕ್ಲಾಸೊಂದಿತ್ತು. ಜೋಡಿಯಾಗಿ ಕೂರಿ ಎಂದಳು. ಕುರ್ಚಿಗಳು ಸದ್ದು ಮಾಡಿದವು, ಮಾತು ಶುರುವಾಯಿತು. ನರ್ಸು ಮಾತ್ರ ನಡುವೆ ಒಬ್ಬಳೇ ನಿಂತು ಅತ್ತಿತ್ತ ನೋಡಿದಳು. "ಟೀಚರ್, ನನಗೆ ಯಾರೂ ಇಲ್ಲ."

ಅವಳು ಕುರ್ಚಿ ಎಳೆದುಕೊಂಡು ಹೋಗಿ ನರ್ಸಿನ ಎದುರು ಕೂತಳು. ಗಂಡನಿಗೆ ಕೊಟ್ಟ ಮಾತನ್ನು ಅವಳು ಉಳಿಸಿಕೊಂಡಿದ್ದಳು.